ಆರನೇ ಪುಸ್ತಕದ ಮುಖ

ಹೋಟೆಲಿನ ಲಾಂಡ್ರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಇಸ್ತ್ರಿಯಕ್ಕ ಎಂದರೆ ಮ್ಯಾನೇಜರಿಗೂ ಗೊತ್ತು, ಗೇಟಿನವನಿಗೂ ಗೊತ್ತು. ಮದುವೆಯಾದ ಹೊಸದರಲ್ಲಿ ಸೇರಿದ ಕೆಲಸ. ಆಗ ಕೈಯಲ್ಲಿ ಇಸ್ತ್ರಿಪೆಟ್ಟಿಗೆ. ಈಗ ಮಂಚದಗಲದ ರೋಲರ್ ಮೆಷಿನ್. ಮೆಷಿನ್ ಬಂದರೆ ಕೆಲಸ ಹಗುರವಾಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಹಗುರವಾದದ್ದು ಹೋಟೆಲಿನವರಿಗೆ. ಮೊದಲು ಒಂದು ಮಹಡಿಯ ಬೆಡ್‌ಶೀಟುಗಳನ್ನು ನೋಡಿಕೊಳ್ಳುತ್ತಿದ್ದವಳ ತಲೆಗೆ ಇಡೀ ಕಟ್ಟಡವೇ ಬಿತ್ತು. ಒದ್ದೆ ಬಟ್ಟೆ ಒಂದು ಕಡೆಯಿಂದ ಒಳಗೆ, ಬಿಸಿ ಬಟ್ಟೆ ಇನ್ನೊಂದು ಕಡೆಯಿಂದ ಹೊರಗೆ, ನಡುವೆ ಆವಿ, ಆ ಆವಿಯಲ್ಲಿ ನಿಂತೇ ಇರುವ ಇವಳು. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ, ಪಟ್ಟಿಯ ಗುರುತು ಊದಿದ ಪಾದದ ಮೇಲೆ ಬೆಳಗಿನವರೆಗೂ ಹಾಗೇ ಇರುತ್ತಿತ್ತು.

ಇಂಥವಳು ಐವತ್ತು ದಾಟಿದ ಮೇಲೆ ಡ್ರಾಯಿಂಗ್ ಕಲಿಯಲು ಹೊರಟಳು. ನಗುವವರು ನಗಲಿ. ಮೊದಲು ನಕ್ಕವನು ಗಂಡ. ಅವನು ಗೋಡೌನ್ ಒಂದರ ಕಾವಲುಗಾರ. ಇವಳು ಮನೆಗೆ ಬರುವ ಹೊತ್ತೇ ಅವನು ಹೊರಡುವ ಹೊತ್ತು. ಇಬ್ಬರ ಸಂಸಾರದ ಮುಕ್ಕಾಲು ಪಾಲು ಮಾತು ಬಾಗಿಲಲ್ಲೇ ನಡೆದುಹೋಗಿತ್ತು. ಅವತ್ತೂ ಟಾರ್ಚು ಕೈಗೆತ್ತಿಕೊಂಡು, ಈ ವಯಸ್ಸಲ್ಲಿ ಆನೆ ಒಂಟೆ ಬರೆಯಲು ಕಲಿಯುತ್ತೀಯಾ ಎಂದು ಕೇಳಿದ. ಆನೆ ಬರೆಯುವುದಕ್ಕೆ ಕ್ಲಾಸು ಯಾಕೆ ಬೇಕು, ದಿನಾ ಮನೆಯಲ್ಲೇ ನೋಡುತ್ತಿದ್ದೇನಲ್ಲ ಎಂದಳು ಇವಳು. ಅವನು ತನ್ನ ಹೊಟ್ಟೆ ಸವರಿಕೊಂಡು ಮೆಟ್ಟಿಲಿಳಿದ. ನಿಜವಾದ ಕಾರಣವನ್ನು ಅವಳು ಅವನಿಗೆ ಹೇಳಲಿಲ್ಲ. ಬಾಗಿಲಲ್ಲಿ ನಿಂತು ಹೇಳುವಂಥದ್ದಾಗಿರಲಿಲ್ಲ ಅದು.

ಕಾರಣ ತಮ್ಮ. ಸಿಟಿ ಬಸ್ಸಿನ ಡ್ರೈವರ್. ಅವನಿನ್ನೂ ಹಾಲು ಕುಡಿಯುವ ಕೂಸಾಗಿದ್ದಾಗ ಅಮ್ಮ ಜ್ವರದಲ್ಲಿ ತೀರಿಕೊಂಡಳು. ಇವಳಿಗೆ ಆಗ ತಲೆ ಬಾಚಿಕೊಳ್ಳಲು ಬರುವಷ್ಟು ವಯಸ್ಸು. ಆ ಮನೆಯಲ್ಲಿ ಫೋಟೊ ತೆಗೆಸುವ ಪದ್ಧತಿಯೇ ಇರಲಿಲ್ಲ. ಫೋಟೊ ಅಂಗಡಿಯ ಮುಂದೆ ಹಾದುಹೋದರೂ ಖರ್ಚಾಗುತ್ತದೆ ಎನ್ನುವಂಥ ಅಪ್ಪ. ಅಪ್ಪ, ಅಜ್ಜಿ, ದೊಡ್ಡಮ್ಮ ಎಲ್ಲರೂ ಒಬ್ಬೊಬ್ಬರಾಗಿ ಹೋದ ಮೇಲೆ ಅಮ್ಮನ ಮುಖ ಕಂಡವರು ಈ ಭೂಮಿಯ ಮೇಲೆ ಇವಳೊಬ್ಬಳೇ ಉಳಿದಳು. ಅದೊಂದು ದೊಡ್ಡ ಜವಾಬ್ದಾರಿ ಎಂದು ಅವಳಿಗೆ ಅನ್ನಿಸಿರಲಿಲ್ಲ. ತಮ್ಮನೂ ಯಾವತ್ತೂ ಕೇಳಿದವನಲ್ಲ.

ಆಮೇಲೆ ಅವನ ಅತ್ತೆ ತೀರಿಕೊಂಡರು, ಅವನ ಮನೆಯ ಗೋಡೆಗೆ ಅವರ ದೊಡ್ಡ ಫೋಟೊ ಬಂತು. ಇವಳು ನೋಡಿಕೊಂಡು ಬರಲು ಹೋದ ದಿನ ತಮ್ಮ ಆ ಫೋಟೊದ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಹೆಂಡತಿ ಒಳಗೆ ಹೋದ ಮೇಲೆ, ಗಿಯರ್ ಬದಲಿಸಿದಷ್ಟು ಸಹಜವಾಗಿ ಕೇಳಿದ.

"ಅಕ್ಕ, ನಮ್ಮಮ್ಮ ನೋಡೋಕೆ ಹೇಗಿದ್ಲು?"

ಅವಳು ಹೇಳಲು ಹೊರಟಳು. ಎಣ್ಣೆಗೆಂಪು ಬಣ್ಣ, ಇವಳಿಗಿಂತ ಸ್ವಲ್ಪ ಕುಳ್ಳು, ದುಂಡು ಮುಖ, ಮೂಗು ಹೀಗೆ ಅಂದರೆ ತೀರಾ ಚೂಪಲ್ಲ. ಹೇಳುತ್ತ ಹೇಳುತ್ತ ಅವಳಿಗೇ ಅದು ಯಾವಳೋ ಹಾದಿಹೋಕಳ ವರ್ಣನೆಯಂತೆ ಕೇಳಿಸಿತು. ತಮ್ಮ ಕೇಳಿಸಿಕೊಂಡು ನಕ್ಕ.

"ಕಾಣೆಯಾಗಿದ್ದಾರೆ ಅಂತ ಪೇಪರಲ್ಲಿ ಹಾಕ್ತಾರಲ್ಲ, ಹಾಗಿದೆ ನೀ ಹೇಳೋದು. ಬಿಡು. ನೀನಾದ್ರೂ ನೋಡಿದೀಯಲ್ಲ."

ಆ ಕೊನೆಯ ಮಾತು ಅವಳಿಗೆ ನಾಟಿತು. ಅವನು ದೂರಲಿಲ್ಲ, ಅಳಲಿಲ್ಲ. ಅಕ್ಕನ ತಟ್ಟೆಯಲ್ಲಿ ಇದ್ದು ತನ್ನ ತಟ್ಟೆಯಲ್ಲಿ ಇಲ್ಲದ್ದನ್ನು ಕಂಡೂ ಕಾಣದವನಂತೆ ಸುಮ್ಮನಾದ. ಬಸ್ ಸ್ಟಾಪಿಗೆ ಬರುವವರೆಗೂ ಅವಳು ಅಮ್ಮನ ಮುಖವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ನಡೆದಳು. ಇತ್ತು, ಪೂರ್ತಿ ಇತ್ತು. ಎಡಗಡೆಯ ಹುಬ್ಬು ನಡುವೆ ತುಂಡಾಗಿತ್ತು. ಒಲೆಯ ಕಿಡಿ ಹಾರಿ ಸುಟ್ಟಲ್ಲಿ ಮತ್ತೆ ಕೂದಲು ಬಂದಿರಲಿಲ್ಲ. ಕೋಪ ಬಂದಾಗ ಆ ತುಂಡು ಹುಬ್ಬು ಮೊದಲು ಏಳುತ್ತಿತ್ತು, ಇನ್ನೊಂದು ಆಮೇಲೆ. ಇದನ್ನು ಅವನಿಗೆ ಹೇಳಲಿಲ್ಲವಲ್ಲ ಎಂದುಕೊಂಡಳು. ಹೇಳಿ ಏನು ಪ್ರಯೋಜನ, ಬರೆದು ತೋರಿಸಬೇಕು ಎಂದು ಅವಳಿಗೆ ಹೊಳೆದದ್ದು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ. ಅವಸರಕ್ಕೂ ಕಾರಣವಿತ್ತು. ಹಿಂದೆಲ್ಲ ಆ ಮುಖ ತಾನಾಗಿ ಬರುತ್ತಿತ್ತು, ದಿಂಬಿನ ಕವರು ಮಡಚುವಾಗ, ಗಂಟಲು ನೋವಿಗೆ ಬಿಸಿನೀರು ಕುಡಿಯುವಾಗ. ಈಚೆಗೆ ಕರೆಯಬೇಕಾಗಿತ್ತು. ಕರೆದರೂ ಬರಲು ಹೊತ್ತು ಮಾಡುತ್ತಿತ್ತು.

ಡ್ರಾಯಿಂಗ್ ಕ್ಲಾಸು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಕಲಿಸುವವರು ಶಾಲೆಯಿಂದ ನಿವೃತ್ತರಾದ ಮೇಷ್ಟ್ರು, ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ಸಿಲು. ಊರಿಗೆಲ್ಲ ಅವರು 'ಮತ್ತೊಮ್ಮೆ ಮೇಷ್ಟ್ರು'. ಅವರಲ್ಲಿ ಆರು ಪುಸ್ತಕಗಳ ಒಂದು ಸಾಲಿತ್ತು. ಎಡಗಡೆಯ ಪುಟದಲ್ಲಿ ಅಚ್ಚಾದ ಚಿತ್ರ, ಬಲಗಡೆ ಖಾಲಿ. ನೋಡಿ ಬರೆಯುವುದು. ಬರೆದದ್ದು ಸರಿಯಿಲ್ಲದಿದ್ದರೆ ಮೇಷ್ಟ್ರು ಕೆಳಗೆ ಕೆಂಪಕ್ಷರದಲ್ಲಿ 'ಮತ್ತೊಮ್ಮೆ' ಎನ್ನುತ್ತಿದ್ದರು. ಸರಿಯಿದ್ದರೆ 'ಮುಂದೆ'. ಬೇರೆ ಮಾತಿಲ್ಲ. 'ಮುಂದೆ' ಬೀಳದೆ ಹಾಳೆ ಮಗುಚುವ ಹಾಗಿಲ್ಲ, ಪುಸ್ತಕದ ಕೊನೆಯ ಹಾಳೆಗೆ 'ಮುಂದೆ' ಬೀಳದೆ ಇನ್ನೊಂದು ಪುಸ್ತಕ ಮುಟ್ಟುವ ಹಾಗಿಲ್ಲ. ಮಕ್ಕಳ ಸಾಲಿನಲ್ಲಿ ಮಂಡಿ ಮಡಚಿ ಕೂರಲಾಗದೆ ಗೋಡೆಗೆ ಒರಗಿ ಕಾಲು ಚಾಚಿ ಕೂತ ಈ ಹೊಸ ವಿದ್ಯಾರ್ಥಿನಿ, ತನಗೆ ಮುಖವೊಂದನ್ನು ಬರೆಯಲು ಕಲಿಸಿದರೆ ಸಾಕು, ಮಿಕ್ಕದ್ದೇನೂ ಬೇಡ ಎಂದಳು.

"ಮುಖ ಆರನೇ ಪುಸ್ತಕ ಅಮ್ಮಾ," ಎಂದರು ಮೇಷ್ಟ್ರು. "ಮೊದಲು ಗೆರೆ."

ಅವರದ್ದು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ತಾವೂ ಹಾಗೇ ಕಲಿತವರು, ಹಾಗೆ ಕಲಿಸಿಯೇ ಎಷ್ಟೋ ಕೈಗಳನ್ನು ತಿದ್ದಿದವರು. ಸ್ವಂತ ಬುದ್ಧಿ ಪುಸ್ತಕ ಮುಗಿದ ಮೇಲೆ, ಅಲ್ಲಿಯವರೆಗೆ ಕಣ್ಣು ಎಡಗಡೆಯ ಪುಟದ ಮೇಲೇ ಇರಲಿ ಎಂದು ಎಲ್ಲರಿಗೂ ಹೇಳಿದ್ದನ್ನೇ ಇವಳಿಗೂ ಹೇಳಿದರು. ಇವಳು ಒಪ್ಪಿಕೊಂಡಳು. ದಣಿದವರಿಗೆ, ಹೇಳಿದ್ದನ್ನು ಮಾಡುವುದು ಸುಲಭ.

ಮೊದಲನೇ ಪುಸ್ತಕ ಅವಳಿಗೆ ನೀರು ಕುಡಿದ ಹಾಗಾಯಿತು. ಅಡ್ಡಗೆರೆ, ಉದ್ದಗೆರೆ, ಓರೆಗೆರೆ. ಜೀವಮಾನವಿಡೀ ಬಟ್ಟೆಯ ಅಂಚಿಗೆ ಅಂಚು ಕೂಡಿಸಿದ ಕೈ. ಸ್ಕೇಲಿಟ್ಟು ಎಳೆದ ಹಾಗೆ ಗೆರೆ ಬರುತ್ತಿತ್ತು. ಮಕ್ಕಳು ಎದ್ದು ಬಂದು ನೋಡಿದರು. ತೊಂದರೆ ಶುರುವಾದದ್ದು ಎರಡನೆಯದರಲ್ಲಿ. ಬಳ್ಳಿ, ಎಲೆ, ಬಟ್ಟಲು, ಎಲ್ಲ ಬಾಗಿದವು. ಮುದುರಿದ್ದನ್ನು ಕಂಡರೆ ನೆಟ್ಟಗೆ ಮಾಡುವುದೇ ಅವಳ ಕೈಯ ಕಸುಬು. ಎಷ್ಟು ಬಾಗಿಸಿದರೂ ಬಳ್ಳಿ ಹೋಗಿ ಕಡ್ಡಿಯಾಗುತ್ತಿತ್ತು, ಬಟ್ಟಲಿನ ಹೊಟ್ಟೆ ಚಪ್ಪಟೆಯಾಗುತ್ತಿತ್ತು. ಮತ್ತೊಮ್ಮೆ. ಮತ್ತೊಮ್ಮೆ. ಮೂರನೇ ಪುಸ್ತಕದ ಟೀ ಕೆಟಲ್ ಒಂದರ ಮುಂದೆ ಒಂದು ಇಡೀ ಬೇಸಿಗೆ ಕಳೆಯಿತು. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಗಿಳಿ ಬರೆದು, ಹಡಗು ಬರೆದು ಮುಂದೆ ಹೋದಳು. ಇವಳು ಕೆಟಲ್ಲಿನ ಮೂತಿಯಲ್ಲೇ ಸಿಕ್ಕಿಕೊಂಡಿದ್ದಳು. ಎಷ್ಟೋ ಸಂಜೆ ಪೆನ್ಸಿಲ್ ಹಿಡಿದಂತೆಯೇ ಕಣ್ಣು ಮುಚ್ಚಿಹೋಗುತ್ತಿತ್ತು. ತೂಕಡಿಸುವಾಗ ಎಳೆದ ಗೆರೆ ಚೆನ್ನಾಗಿ ಬಾಗಿದೆ ಎಂದು ಮೇಷ್ಟ್ರು ಒಮ್ಮೆ 'ಮುಂದೆ' ಹಾಕಿದರು. ಅದೊಂದೇ ಪುಕ್ಕಟೆ ಸಿಕ್ಕಿದ್ದು.

ಬಣ್ಣ ಬಂದದ್ದು ನಾಲ್ಕನೆಯದರಲ್ಲಿ. ಸಣ್ಣ ಡಬ್ಬಿ, ಒಂದು ಲೋಟ ನೀರು, ತುದಿ ಕೆದರಿದ ಬ್ರಶ್ಶು. ನೀಲಿ ಬಿಲ್ಲೆಯನ್ನು ನೀರಲ್ಲಿ ಅದ್ದಿದಾಗ, ಬಿಳಿ ಬಟ್ಟೆಗೆ ನೀಲಿ ಹಾಕಿದಂತೆ ಎಂದುಕೊಂಡು ಅವಳು ಎಷ್ಟು ತೆಳ್ಳಗೆ ಬಳಿದಳೆಂದರೆ, ಬಣ್ಣ ಎಲ್ಲಿದೆ ಎಂದು ಮೇಷ್ಟ್ರು ಹಾಳೆಯನ್ನು ಬೆಳಕಿಗೆ ಹಿಡಿದು ಹುಡುಕಿದರು. ಪುಸ್ತಕದಲ್ಲಿ ಬೆಳಕು ಯಾವಾಗಲೂ ಎಡಗಡೆಯಿಂದ ಬೀಳುತ್ತಿತ್ತು, ನೆರಳು ಬಲಕ್ಕೆ. ಮಾವಿನಹಣ್ಣಾದರೂ ಸರಿ, ಮಡಕೆಯಾದರೂ ಸರಿ. ಅವಳ ಕ್ಲಾಸಿನ ಕಿಟಕಿ ಬಲಗಡೆಗಿತ್ತು. ಎದುರಿಗೆ ನಿಜವಾದ ಲೋಟ ಇಟ್ಟುಕೊಂಡಾಗಲೂ ಅವಳ ಬ್ರಶ್ಶು ನೆರಳನ್ನು ಕಿಟಕಿಯ ಕಡೆಗೇ ಹಾಕುತ್ತಿತ್ತು. ಇದನ್ನು ಅವಳು ಗಮನಿಸಿದಳು, ಸ್ವಲ್ಪ ನಗುವೂ ಬಂತು. ಅದರಲ್ಲಿ ಎಚ್ಚರಿಕೆಯೊಂದಿದೆ ಎಂದು ಯೋಚಿಸುವಷ್ಟು ತ್ರಾಣ ಅವಳಲ್ಲಿ ಇರಲಿಲ್ಲ.

ಈ ಮಧ್ಯೆ ಒಂದು ದಿನ ಬಾಯಿ ತಪ್ಪಿ ತಮ್ಮನಿಗೆ ಹೇಳಿಬಿಟ್ಟಳು, ಅಮ್ಮನನ್ನು ಬರೆದುಕೊಡುತ್ತೇನೆ ಎಂದು. ಅಂದಿನಿಂದ ಅವಳು ಅವನ ಬಸ್ಸು ಹತ್ತಿದಾಗಲೆಲ್ಲ ಕನ್ನಡಿಯಲ್ಲೇ ನೋಡಿ, ಎಷ್ಟನೇ ಪುಸ್ತಕ ಎಂದು ಕೇಳುವನು. ಮಗಳ ಓದನ್ನು ವಿಚಾರಿಸುವ ಅಪ್ಪನ ಹಾಗೆ. ಕೆಟಲ್ ಇನ್ನೂ ಮುಗಿಯಲಿಲ್ಲ ಎಂದರೆ, ಆ ಕೆಟಲ್ಲಿಗೆ ಬೆಂಕಿ ಬೀಳ ಎಂದು ಹಾರ್ನ್ ಒತ್ತುವನು. ಐದನೆಯದು ಎಂದ ದಿನ ಅವನ ಕಿವಿ ಕೆಂಪಾದದ್ದನ್ನು ಅವಳು ಹಿಂದಿನಿಂದ ಕಂಡಳು. ಆಮೇಲೆ ಬಿಟ್ಟುಬಿಡುವ ಮಾತೇ ಇರಲಿಲ್ಲ. ಕಾಲು ಊದಲಿ, ಬೆನ್ನು ನೋಯಲಿ, ಲಾಂಡ್ರಿಯಿಂದ ನೇರ ಟೈರ್ ಅಂಗಡಿಯ ಮೆಟ್ಟಿಲು.

ಐದನೇ ಪುಸ್ತಕ ಕೈ ಮತ್ತು ಕಾಲು. ಆರನೆಯದು ಬಂದಾಗ ಅವಳ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು, ಪಕ್ಕದ ಹುಡುಗಿ ಕ್ಲಾಸು ಬಿಟ್ಟು ಕಾಲೇಜು ಸೇರಿದ್ದಳು. ಮೊದಲು ಮೊಟ್ಟೆಯಾಕಾರ, ಅದಕ್ಕೊಂದು ಉದ್ದಗೆರೆ, ಅಡ್ಡಗೆರೆಗಳು. ಆಮೇಲೆ ಒಂದೊಂದು ಹಾಳೆಗೆ ಒಂದೊಂದು ಕಣ್ಣು, ಮೂಗು, ಕಿವಿ. ಮಗುವಿನ ಮುಖ, ಮುದುಕನ ಮುಖ. ಕೊನೆಯ, ಹನ್ನೊಂದನೇ ಹಾಳೆಯಲ್ಲಿ ಒಬ್ಬಳು ಹೆಂಗಸು. ತಲೆ ಸ್ವಲ್ಪ ಓರೆ, ಕಣ್ಣು ಕೆಳಗೆ, ತುಟಿಯಂಚಿನಲ್ಲಿ ನಗುವೋ ಅಲ್ಲವೋ ಎನ್ನುವಂಥದ್ದು, ಎಡದಿಂದ ಬೆಳಕು. ಯಾರಿಗೂ ಸೇರದ, ಯಾರ ಮೇಲೂ ಕೋಪಿಸಿಕೊಳ್ಳದ ಮುಖ. ಆ ಹಾಳೆ ಸರಿಹೋಗಲು ಅವಳಿಗೆ ತಿಂಗಳುಗಟ್ಟಲೆ ಹಿಡಿಯಿತು. ಕಣ್ಣಿನ ರೆಪ್ಪೆ ಮತ್ತೊಮ್ಮೆ, ಗಲ್ಲ ಮತ್ತೊಮ್ಮೆ, ಕೆನ್ನೆಯ ನೆರಳು ಮತ್ತೊಮ್ಮೆ. ಮೆಷಿನ್ನಿನ ಮುಂದೆ ನಿಂತಾಗಲೂ ಅದೇ ತುಟಿ, ಅದೇ ರೆಪ್ಪೆ. ಮನೆಯಲ್ಲಿ ಊಟಕ್ಕೆ ಕೂತಾಗ ಬೆರಳು ತಟ್ಟೆಯ ಅಂಚಿನಲ್ಲಿ ಅದೇ ಗಲ್ಲದ ಗೆರೆ ಎಳೆಯುತ್ತಿತ್ತು. ಕೊನೆಗೊಂದು ಸಂಜೆ ಕೆಂಪು ಪೆನ್ಸಿಲು 'ಮುಂದೆ' ಎಂದಿತು.

ಅವತ್ತೇ ಅವಳು ಮೇಷ್ಟ್ರಲ್ಲಿ ಒಂದು ದೊಡ್ಡ ಖಾಲಿ ಹಾಳೆ ಕೇಳಿ ಇಸಿದುಕೊಂಡಳು. ಪುಸ್ತಕವನ್ನು ಮುಚ್ಚಿ ಬೆನ್ನ ಹಿಂದೆ ಇಟ್ಟಳು. ಯಾರೊಂದಿಗೂ ಮಾತಾಡದೆ, ಗೋಡೆಗೆ ಒರಗಿ, ಮೊಟ್ಟೆಯಾಕಾರದಿಂದ ಶುರುಮಾಡಿದಳು. ಹಲವು ಸಂಜೆಗಳ ಕೆಲಸ. ಕೈ ಎಲ್ಲೂ ತಡವರಿಸಲಿಲ್ಲ, ಎಷ್ಟೋ ವರ್ಷದ ಮೇಲೆ ಮೊದಲ ಸಲ ಆಯಾಸವೇ ಅನ್ನಿಸಲಿಲ್ಲ. ತೆಳ್ಳಗೆ ಕೆಂಪು, ಅದರ ಮೇಲೆ ಕಂದು, ಕಪ್ಪು ಕೂದಲು. ಕೊನೆಗೆ ಎಡಹುಬ್ಬನ್ನು ನಡುವೆ ತುಂಡು ಮಾಡಿದಳು, ಉಸಿರು ಹಿಡಿದುಕೊಂಡು. ಆಯಿತು, ಅಮ್ಮ ಬಂದಳು ಎಂದುಕೊಂಡಳು. ಖುಷಿಗೆ ಕಣ್ಣು ತುಂಬಿ ಬಂದದ್ದರಿಂದ ಸರಿಯಾಗಿ ನೋಡಲೂ ಆಗಲಿಲ್ಲ.

ಮೇಷ್ಟ್ರು ಬಂದು ನಿಂತರು. ಬಹಳ ಹೊತ್ತು ನೋಡಿದರು. ಕೆಂಪು ಪೆನ್ಸಿಲನ್ನು ಜೇಬಿನಿಂದ ತೆಗೆದವರು ವಾಪಸು ಇಟ್ಟರು.

"ಪುಸ್ತಕ ನೋಡದೆ ಹನ್ನೊಂದನೇ ಹಾಳೆಯನ್ನ ಇಷ್ಟು ಚೆನ್ನಾಗಿ ತೆಗೆದವರು ನನ್ನ ಹತ್ರ ಯಾರೂ ಇಲ್ಲ. ಹುಬ್ಬು ಒಂದು ತಪ್ಪಿದೆ, ಅಷ್ಟೇ."

ಹೀಗೆಂದು ಅವರು ಅವಳ ಬ್ರಶ್ಶನ್ನೇ ತೆಗೆದುಕೊಂಡು, ತುದಿಯನ್ನು ನೀರಲ್ಲಿ ಚೂಪು ಮಾಡಿ, ತುಂಡಾದ ಹುಬ್ಬನ್ನು ಒಂದೇ ಎಳೆತದಲ್ಲಿ ಕೂಡಿಸಿಬಿಟ್ಟರು. ಅವಳಿಗೆ ತಡೆಯಲು ವ್ಯವಧಾನ ಸಿಗಲಿಲ್ಲ. ಸಾರ್, ಅದು ಹಾಗೇ ಇತ್ತು ಎಂದಳು. ಎಲ್ಲಿ ಎಂದು ಅವರು ನಿಜವಾಗಿಯೂ ತಿಳಿಯದೆ ಕೇಳಿದರು, ಅವಳ ಬೆನ್ನ ಹಿಂದಿನ ಪುಸ್ತಕವನ್ನು ತೆಗೆದು ಬಿಚ್ಚಿ ಪಕ್ಕದಲ್ಲಿಟ್ಟು ತೋರಿಸಿದರು. ಅವಳು ಎರಡನ್ನೂ ನೋಡಿದಳು. ಅದೇ ಓರೆ, ಅದೇ ರೆಪ್ಪೆ, ಅದೇ ನಗುವೋ ಅಲ್ಲವೋ ಎನ್ನುವ ತುಟಿ. ಈಗ ಮುಚ್ಚಿಹೋದ ಹುಬ್ಬಿನ ಆ ಒಂದು ಬಿರುಕನ್ನು ಬಿಟ್ಟರೆ ಅಮ್ಮನದೆನ್ನುವ ಒಂದು ಗೆರೆಯೂ ಆ ಹಾಳೆಯ ಮೇಲೆ ಇರಲಿಲ್ಲ. ಆ ಬಿರುಕೂ, ಪುಸ್ತಕದ ಹೆಂಗಸಿಗೆ ಯಾರೋ ಉಗುರಿನಿಂದ ಗೀರಿದ ಹಾಗೆ ಕಾಣುತ್ತಿದ್ದಿರಬೇಕು. ಮೇಷ್ಟ್ರು ತಿದ್ದಿದ್ದರಲ್ಲಿ ಆಶ್ಚರ್ಯವೇನು?

ಆಮೇಲೆ ಅವಳು ಮನೆಯಲ್ಲಿ ಕೂತು ಎಷ್ಟು ಹಾಳೆ ಹಾಳು ಮಾಡಿದಳೋ ಗಂಡನಿಗೇ ಗೊತ್ತು. ಅವನೇ ಅವನ್ನು ಗುಡಿಸಿ ಹಾಕಿದವನು. ಮೂಗು ಬದಲಿಸಿದರೆ ಹನ್ನೊಂದನೇ ಹಾಳೆಯ ಹೆಂಗಸಿಗೆ ಬೇರೆ ಮೂಗು ಬಂದಂತೆ ಆಗುತ್ತಿತ್ತು. ಮುಖ ದುಂಡಗೆ ಮಾಡಿದರೆ ಅವಳೇ ಸ್ವಲ್ಪ ದಪ್ಪಗಾದಂತೆ. ಎಡದಿಂದ ಬೆಳಕು ಬೇಡವೆಂದು ಬಲದಿಂದ ಹಾಕಲು ನೋಡಿದಳು. ಅದು ಕೈಯಿಂದ ಬರಲೇ ಇಲ್ಲ. ಗಂಡ ಟಾರ್ಚು ಹಿಡಿದು ಬಾಗಿಲಲ್ಲಿ ನಿಂತವನು, ತಮಾಷೆ ಮಾಡಲು ಬಾಯಿ ತೆರೆದು, ಅವಳ ಮುಖ ನೋಡಿ, ನೀರು ಕುಡಿ ಎಂದು ಲೋಟ ಕೊಟ್ಟು ಹೋದ. ಅವಳಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎಂದೇ ತಿಳಿಯಲಿಲ್ಲ. ಮೇಷ್ಟ್ರು ತಮ್ಮ ಕೆಲಸ ಮಾಡಿದ್ದರು. ಅವಳೂ ಹೇಳಿದ್ದನ್ನೆಲ್ಲ ಮಾಡಿದ್ದಳು. ಅಷ್ಟು ಕಷ್ಟಪಟ್ಟದ್ದಕ್ಕೆ ಇಷ್ಟೇನಾ ಎಂದು ಒಂದು ಸಂಜೆ ಗೋಡೆಯ ಕಡೆ ತಿರುಗಿ ಮಲಗಿ ಅತ್ತಳು.

ಮರುದಿನ ಆ ದೊಡ್ಡ ಹಾಳೆಯನ್ನು ಸುರುಳಿ ಸುತ್ತಿಕೊಂಡು ಕೆಲಸಕ್ಕೆ ಹೋದಳು, ಲಾಂಡ್ರಿಯ ಬಾಯ್ಲರಿನಲ್ಲಿ ಹಾಕಿಬಿಡುವುದೆಂದು. ಬಾಯ್ಲರಿನವನು ಅವತ್ತು ರಜೆ, ಕೋಣೆಗೆ ಬೀಗ. ಸಂಜೆ ಅದನ್ನು ಬಗಲಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದರೆ ಡ್ರೈವರ್ ಸೀಟಿನಲ್ಲಿ ತಮ್ಮ. ಕನ್ನಡಿಯಲ್ಲಿ ಸುರುಳಿ ನೋಡಿದ. ಅವಳು ತನ್ನ ಸ್ಟಾಪಿನಲ್ಲಿ ಇಳಿಯಬೇಕೆಂದು ಎದ್ದಾಗ, ಕೂತಿರು ಎಂದು ಕೈಸನ್ನೆ ಮಾಡಿದ. ಕೊನೆಯ ಸ್ಟಾಪಿನಲ್ಲಿ ಜನ ಇಳಿದರು, ಕಂಡಕ್ಟರ್ ಟೀ ಕುಡಿಯಲು ಹೋದ. ತಮ್ಮ ಇಂಜಿನ್ ಆರಿಸಿ, ಒಳಗಿನ ದೀಪ ಹಾಕಿ, ಸೀಟಿನ ಪಕ್ಕದ ಬಾನೆಟ್ಟಿನ ಮೇಲಿನ ಧೂಳನ್ನು ತನ್ನ ಖಾಕಿ ತೋಳಿನಿಂದ ಒರೆಸಿದ. ಅವಳ ಕೈಯಿಂದ ಸುರುಳಿ ತೆಗೆದುಕೊಂಡ. ಇದು ಸರಿಯಾಗಿ ಬಂದಿಲ್ಲ, ಬೇರೆ ಬರೆಯುತ್ತೇನೆ ಎಂದು ಅವಳು ಅಂದದ್ದು ಅವನ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ.

ಬಿಚ್ಚಿದ. ಎರಡು ಕಡೆ ಕೈಯಿಟ್ಟು ಹಿಡಿದು ನೋಡಿದ. ಅಷ್ಟು ದೊಡ್ಡ ಬಸ್ಸನ್ನು ಕಿಕ್ಕಿರಿದ ಬೀದಿಯಲ್ಲಿ ಲೀಲಾಜಾಲವಾಗಿ ತಿರುಗಿಸುವ ಕೈಗಳು ಕಾಗದದ ಅಂಚನ್ನು ಮುದುರದ ಹಾಗೆ ಬೆರಳ ತುದಿಯಲ್ಲಷ್ಟೇ ಒತ್ತಿದ್ದವು. ತನ್ನ ದೊಡ್ಡ ಮಗಳದ್ದೂ ಇದೇ ತುಟಿ ಎಂದ. ಸ್ವಲ್ಪ ಹೊತ್ತಿಗೆ, ಇಲ್ಲ, ಚಿಕ್ಕವಳದ್ದು ಎಂದ. ಆಮೇಲೆ ಅಕ್ಕನ ಕಡೆ ತಿರುಗಿದ. ಐವತ್ತರ ಹತ್ತಿರದ ಗಂಡಸು, ಕೂಸಿನ ಮುಖ ಮಾಡಿಕೊಂಡಿದ್ದ.

"ಅಮ್ಮಾನಾ?"

ಅಲ್ಲ ಎನ್ನಲು ಅವಳು ಬಾಯಿ ತೆರೆದಳು. ಅಲ್ಲ ಕಣೋ, ಇದು ಯಾವುದೋ ಪುಸ್ತಕದ ಹಾಳೆ, ನಮ್ಮಮ್ಮ ಹೀಗಿರಲಿಲ್ಲ, ನಮ್ಮಮ್ಮ ಹೀಗೆ ಎಂದು ಹೇಳಲು ಅವಳು ಅಮ್ಮನನ್ನು ಕರೆದಳು. ಕಣ್ಣು ಮುಚ್ಚಿ ಕರೆದಳು. ತಲೆ ಸ್ವಲ್ಪ ಓರೆ ಮಾಡಿಕೊಂಡು, ಕಣ್ಣು ಕೆಳಗಿಟ್ಟುಕೊಂಡು, ಎಡಗಡೆಯ ಬೆಳಕಿನಲ್ಲಿ ಬಂದು ನಿಂತವಳು ಆ ಹಾಳೆಯ ಹೆಂಗಸೇ. ಮತ್ತೆ ಕರೆದಳು. ಮತ್ತೆ ಅವಳೇ ಬಂದಳು. ಬೇರೆ ಯಾರೂ ಇರಲಿಲ್ಲ.

"ಹೂಂ," ಎಂದಳು. "ಅಮ್ಮ."